ಗುಹೆಯ ಬಾಯಲ್ಲಿ ಕಾದವರು

ಕನ್ನಡದ ಪತ್ತೇದಾರಿ ಕಾದಂಬರಿಗಳಲ್ಲಿ ಹೆಣ ಬೇಗ ಬೀಳುತ್ತದೆ. ಮೊದಲ ಅಧ್ಯಾಯ ಮುಗಿಯುವಷ್ಟರಲ್ಲಿ ಯಾರೋ ಸತ್ತಿರುತ್ತಾರೆ, ಮನೆಯವರು ಗೋಳಿಡುತ್ತಿರುತ್ತಾರೆ, ಪತ್ತೇದಾರ ಬಂದು ಬಾಗಿಲು ಕಿಟಕಿಗಳನ್ನು ಪರೀಕ್ಷಿಸುತ್ತಾನೆ. ಅಲ್ಲಿಂದಾಚೆ ಆ ಗೋಳು ನಮ್ಮ ಕಿವಿಗೆ ಬೀಳುವುದಿಲ್ಲ. ಸತ್ತವನ ಹೆಂಡತಿ ಹೇಳಿಕೆ ಕೊಡುವವಳಾಗುತ್ತಾಳೆ, ತಮ್ಮ ಅನುಮಾನಕ್ಕೆ ಗುರಿಯಾಗುತ್ತಾನೆ, ಅಡುಗೆಯವನು ಏನನ್ನೋ ಮುಚ್ಚಿಡುತ್ತಾನೆ. ಕೊನೆಗೆ ಕೊಲೆಗಾರನ ಕೈಗೆ ಕೋಳ ಬೀಳುತ್ತದೆ, ಪುಸ್ತಕ ಮುಗಿಯುತ್ತದೆ. ಮರುದಿನ ಬೆಳಿಗ್ಗೆ ಆ ಮನೆಯಲ್ಲಿ ಕಾಫಿ ಯಾರು ಕಾಸಿದರು, ಸತ್ತವನ ಚಪ್ಪಲಿಯನ್ನು ಯಾರು ಎತ್ತಿಟ್ಟರು, ವೈಕುಂಠ ಸಮಾರಾಧನೆಗೆ ಯಾರು ಬಂದರು, ಯಾರು ಬರಲಿಲ್ಲ ಎಂಬುದು ಅಲ್ಲಿಲ್ಲ. ಈ ಪರಂಪರೆಯನ್ನು ಪ್ರೀತಿಯಿಂದ ಓದಿದವನಾಗಿಯೇ ನನ್ನ ದೂರು ಇದು: ಸಾವನ್ನು ಇಷ್ಟೊಂದು ಬಳಸಿಕೊಂಡ ಪ್ರಕಾರ ನಮ್ಮಲ್ಲಿ ಇನ್ನೊಂದಿಲ್ಲ, ಶೋಕಕ್ಕೆ ಇಷ್ಟು ಕಡಿಮೆ ಜಾಗ ಕೊಟ್ಟದ್ದೂ ಇನ್ನೊಂದಿಲ್ಲ.

ದೂರಿಗೆ ಮೊದಲು ಋಣದ ಮಾತು. ಎನ್. ನರಸಿಂಹಯ್ಯ (1925–2011) ನಾಲ್ಕನೆಯ ತರಗತಿಯಷ್ಟೇ ಓದಿದವರು. 1952ರಲ್ಲಿ ‘ಪತ್ತೇದಾರ ಪುರುಷೋತ್ತಮನ ಸಾಹಸ’ದಿಂದ ಶುರುಮಾಡಿ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಯ ಎಂಬ ಅವರ ಪತ್ತೇದಾರರ ಹೆಸರು ಒಂದು ಕಾಲಕ್ಕೆ ಸಿನಿಮಾ ನಟರ ಹೆಸರಿನಷ್ಟೇ ಸಲೀಸಾಗಿ ಜನರ ಬಾಯಲ್ಲಿತ್ತು. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಬಾಡಿಗೆಗೆ ತಂದು, ರಾತ್ರಿಯೊಳಗೆ ಓದಿ, ಬೆಳಿಗ್ಗೆ ಹಿಂತಿರುಗಿಸುವ ಪುಸ್ತಕಗಳವು. ಆಗತಾನೇ ಅಕ್ಷರ ಕೂಡಿಸಿ ಓದಲು ಕಲಿತವನಿಗೂ ದಕ್ಕುವಂಥ ವಾಕ್ಯ, ಬಿಗಿಯಾದ ಸಂಭಾಷಣೆ, ಪ್ರತಿ ಅಧ್ಯಾಯದ ಕೊನೆಗೊಂದು ಕುತೂಹಲ. ನವೋದಯ, ಪ್ರಗತಿಶೀಲ, ನವ್ಯ ಎಂದು ಕಾಲಘಟ್ಟಗಳನ್ನು ಗುರುತಿಸುವ ನಮ್ಮ ಸಾಹಿತ್ಯ ಚರಿತ್ರೆಗಳು ಈ ಓದುಗರನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಕಾರಂತರನ್ನೂ ಕುವೆಂಪು ಅವರನ್ನೂ ಮುಂದೆ ಕೈಗೆತ್ತಿಕೊಂಡ ಎಷ್ಟೋ ಜನರಿಗೆ ಓದಿನ ಚಟ ಹತ್ತಿಸಿದ್ದು ಪುರುಷೋತ್ತಮನೇ.

ಅದೇ ಕಾಲದ ಇನ್ನೊಬ್ಬ ಜನಪ್ರಿಯ ಪತ್ತೇದಾರಿ ಕಾದಂಬರಿಕಾರ ಮ. ರಾಮಮೂರ್ತಿ. ಕನ್ನಡ ಚಳವಳಿಯ ಮುಂದಾಳು, ಹಳದಿ-ಕೆಂಪು ಬಾವುಟವನ್ನು ರೂಪಿಸಿದವರು ಎಂದು ಇವತ್ತು ನಾವು ಅವರನ್ನು ನೆನೆಯುತ್ತೇವೆ. ಬಾವುಟದ ಎದುರು ಅವರ ಕಾದಂಬರಿಗಳು ಮರೆತುಹೋಗಿವೆ. 1967ರ ಡಿಸೆಂಬರಿನಲ್ಲಿ ತಮ್ಮ ಜಮೀನಿನಲ್ಲಿ ಬಾವಿ ತೋಡುವಾಗ ಮಣ್ಣು ಕುಸಿದು ಅವರೂ ಅವರ ಇಬ್ಬರು ಮಕ್ಕಳೂ ತೀರಿಕೊಂಡರು. ಅಷ್ಟೊಂದು ಸಾವುಗಳ ಕತೆ ಕಟ್ಟಿದ ಲೇಖಕನ ಮನೆಗೆ ಇಂಥ ಸಾವು ಬಂತು. ಗಂಡನನ್ನೂ ಇಬ್ಬರು ಮಕ್ಕಳನ್ನೂ ಒಂದೇ ದಿನ ಕಳೆದುಕೊಂಡ ಆ ಹೆಣ್ಣುಮಗಳ ದುಃಖದಲ್ಲಿ ಪತ್ತೆ ಮಾಡಬೇಕಾದ ಕೊಲೆಗಾರನಿಲ್ಲ. ಆ ಬಗೆಯ ದುಃಖವನ್ನು ಹೇಳುವ ಸಾಧನ ರಾಮಮೂರ್ತಿಯವರು ಬರೆಯುತ್ತಿದ್ದ ಪ್ರಕಾರದಲ್ಲಿ ಇರಲೂ ಇಲ್ಲ.

ಯಾಕೆ ಇರಲಿಲ್ಲ? ಪುಟಗಳ ಮಿತಿ ಒಂದು ಕಾರಣ. ಇನ್ನೊಂದು, ನಮ್ಮ ಜನಪ್ರಿಯ ಸಾಹಿತ್ಯದಲ್ಲಿ ಆಗಿಹೋಗಿದ್ದ ಪಾಲುಪಟ್ಟಿ. ಕಣ್ಣೀರು ‘ಸಾಮಾಜಿಕ’ ಕಾದಂಬರಿಯ ಪಾಲಿಗೆ ಹೋಯಿತು, ತ್ರಿವೇಣಿ, ಎಂ.ಕೆ. ಇಂದಿರಾ, ಅನುಪಮಾ ನಿರಂಜನ ಅವರಿಗೆ ಸೇರಿತು. ಟಾರ್ಚು, ಪಿಸ್ತೂಲು, ಕಾಲುಗುರುತು ಪತ್ತೇದಾರಿಯ ಪಾಲಿಗೆ ಬಂದವು. ಮನೆಯೊಂದೇ, ಸಾವೂ ಒಂದೇ, ಆದರೆ ಅಡುಗೆಮನೆಯ ಕತೆ ಒಬ್ಬರಿಗೆ, ಪಡಸಾಲೆಯ ಕತೆ ಇನ್ನೊಬ್ಬರಿಗೆ. ತ್ರಿವೇಣಿಯವರ ‘ಶರಪಂಜರ’ವನ್ನು ಈ ದೃಷ್ಟಿಯಿಂದ ಮತ್ತೆ ಓದಿ ನೋಡಬೇಕು. ಕಾವೇರಿಯ ಬುದ್ಧಿಭ್ರಮಣೆಗೆ ಕಾರಣವೇನೆಂದು ಹಿಂದಕ್ಕೆ ಹಿಂದಕ್ಕೆ ಹೋಗುವ ಅದರ ನಡೆ ಯಾವ ಪತ್ತೇದಾರಿಗೂ ಕಡಿಮೆಯದಲ್ಲ. ಟಿ.ಕೆ. ರಾಮರಾವ್ ಅವರದ್ದು ಇನ್ನೂ ವಿಚಿತ್ರ. ಪತ್ತೇದಾರಿಗೆ, ರೋಚಕತೆಗೆ ಹೆಸರಾದ ಅವರ ಎಲ್ಲ ಬರಹಗಳಿಗಿಂತ ನಾಡು ನೆನಪಿಟ್ಟುಕೊಂಡದ್ದು ‘ಬಂಗಾರದ ಮನುಷ್ಯ’ವನ್ನು. 1972ರಲ್ಲಿ ಸಿದ್ಧಲಿಂಗಯ್ಯನವರು ಅದನ್ನು ತೆರೆಗೆ ತಂದರು. ಭಾವನ ಸಾವಿನಿಂದ ದಿಕ್ಕೆಟ್ಟ ಅಕ್ಕನ ಮನೆಯನ್ನು ಹೆಗಲಿಗೇರಿಸಿಕೊಳ್ಳುವ ರಾಜೀವ, ಹೆಂಡತಿಯನ್ನು ಕಳೆದುಕೊಂಡು, ಕೊನೆಗೆ ಎಲ್ಲವನ್ನೂ ಬಿಟ್ಟು ನಡೆದುಬಿಡುತ್ತಾನೆ. ಸಿನಿಮಾದ ಬೆನ್ನೆಲುಬೇ ಅಗಲಿಕೆ. ರಹಸ್ಯ ಹೆಣೆಯುವುದರಲ್ಲಿ ಪಳಗಿದ ಕೈಯೊಂದು ಶೋಕವನ್ನು ಮುಟ್ಟಲು ರಹಸ್ಯವನ್ನು ಪಕ್ಕಕ್ಕಿಡಬೇಕಾಯಿತಲ್ಲ, ಈ ಪರಂಪರೆಯ ಕೊರತೆ ನನಗೆ ಎದ್ದು ಕಾಣುವುದು ಅಲ್ಲಿ.

ಎರಡನ್ನೂ ಒಟ್ಟಿಗೆ ಹಿಡಿದ ಕತೆ ನಮ್ಮಲ್ಲಿ ಇಲ್ಲದೆ ಇಲ್ಲ. ನಾನಿರುವುದು ದೆಹಲಿಯ ದ್ವಾರಕಾದಲ್ಲಿ. ದೆಹಲಿ ಅಭಿವೃದ್ಧಿ ಪ್ರಾಧಿಕಾರ ಸೆಕ್ಟರುಗಳಾಗಿ ಕೊಯ್ದು ಕಟ್ಟಿದ ಉಪನಗರ. ಭಾದ್ರಪದದ ಚೌತಿಯ ದಿನ ಇಲ್ಲಿನ ಕನ್ನಡದ ಮನೆಗಳಲ್ಲೂ ಗಣಪತಿ ಪೂಜೆ ಮುಗಿಸಿ ಶ್ಯಮಂತಕೋಪಾಖ್ಯಾನ ಓದುತ್ತಾರೆ. ಹೆಸರಿಗೆ ಮೂಲವಾದ ಆ ಹಳೆಯ ದ್ವಾರಕೆಯಲ್ಲೇ ನಡೆಯುವ ಕತೆ. ಶ್ಯಮಂತಕ ಮಣಿ ಧರಿಸಿ ಬೇಟೆಗೆ ಹೋದ ಪ್ರಸೇನ ಮರಳುವುದಿಲ್ಲ. ಅಣ್ಣ ಸತ್ರಾಜಿತನ ಸಂಕಟ ಆರೋಪವಾಗಿ ಹೊರಬರುತ್ತದೆ: ಮಣಿ ಕೇಳಿದ್ದವನು ಕೃಷ್ಣ, ಕೊಂದವನೂ ಅವನೇ. ಕೃಷ್ಣ ಊರವರನ್ನೇ ಸಾಕ್ಷಿಗೆ ಕರೆದುಕೊಂಡು ಕಾಡಿಗೆ ಹೋಗುತ್ತಾನೆ. ಸತ್ತುಬಿದ್ದ ಪ್ರಸೇನ ಮತ್ತು ಕುದುರೆ, ಅಲ್ಲಿಂದ ಸಿಂಹದ ಹೆಜ್ಜೆ, ಸತ್ತ ಸಿಂಹ, ಅಲ್ಲಿಂದ ಕರಡಿಯ ಹೆಜ್ಜೆ, ಕೊನೆಗೆ ಜಾಂಬವಂತನ ಗುಹೆ. ಹೆಜ್ಜೆಗುರುತಿನ ಜಾಡು ಹಿಡಿದು ಸತ್ಯಕ್ಕೆ ತಲುಪುವ ಕತೆಯನ್ನು ನಾವು ಹೊರಗಿನಿಂದ ತರಬೇಕಾಗಿರಲಿಲ್ಲ.

ಆದರೆ ಭಾಗವತ ಅಲ್ಲಿಗೆ ನಿಲ್ಲುವುದಿಲ್ಲ, ಅದೇ ಅದರ ದೊಡ್ಡತನ. ಒಳಗೆ ಹೋದ ಕೃಷ್ಣ ಇಪ್ಪತ್ತೆಂಟು ದಿನ ಕಾದಾಡುತ್ತಾನೆ. ಹೊರಗಿದ್ದವರು ಹನ್ನೆರಡು ದಿನ ಕಾದು, ಇನ್ನು ಬರಲಾರನೆಂದು ಊರಿಗೆ ಮರಳುತ್ತಾರೆ. ದೇವಕಿ, ವಸುದೇವ, ರುಕ್ಮಿಣಿ ದುಃಖದಲ್ಲಿ ಮುಳುಗುತ್ತಾರೆ, ಊರಿಗೆ ಊರೇ ಸತ್ರಾಜಿತನನ್ನು ಶಪಿಸುತ್ತದೆ. ಸತ್ತನೋ ಇದ್ದಾನೋ ತಿಳಿಯದ ಆ ಹದಿನಾರು ದಿನಗಳಿಗೆ ಕತೆಯಲ್ಲಿ ಜಾಗವಿದೆ. ಮಣಿ ಸಿಕ್ಕು, ಅಪವಾದ ಕಳೆದು, ಮದುವೆಗಳಾದ ಮೇಲೂ ಕತೆ ಮುಂದುವರಿಯುತ್ತದೆ. ಅದೇ ಮಣಿಗಾಗಿ ಶತಧನ್ವ ಸತ್ರಾಜಿತನನ್ನು ಮಲಗಿದ್ದಲ್ಲೇ ಕೊಲ್ಲುತ್ತಾನೆ. ಸತ್ಯಭಾಮೆ ತಂದೆಯ ಶವವನ್ನು ಎಣ್ಣೆಯ ಕೊಪ್ಪರಿಗೆಯಲ್ಲಿ ಇರಿಸಿ, ಹಸ್ತಿನಾವತಿಯಲ್ಲಿದ್ದ ಗಂಡ ಕೃಷ್ಣನ ಬಳಿಗೆ ತಾನೇ ಹೊರಟು ಹೋಗುತ್ತಾಳೆ. ನ್ಯಾಯ ಸಿಗುವವರೆಗೆ ಅಪ್ಪನನ್ನು ಬೂದಿಯಾಗಲು ಬಿಡದ ಮಗಳು. ಇದಕ್ಕಿಂತ ತೀವ್ರವಾದ ಆರಂಭ ಯಾವ ಪತ್ತೇದಾರಿ ಕಾದಂಬರಿಗೆ ಸಿಕ್ಕೀತು? ನಮ್ಮ ಪತ್ತೇದಾರಿ ಪರಂಪರೆ ಈ ಕತೆಯಿಂದ ಸಿಂಹದ ಹೆಜ್ಜೆಯನ್ನು ಎತ್ತಿಕೊಂಡಿತು. ಗುಹೆಯ ಬಾಯಲ್ಲಿ ಕಾದವರನ್ನೂ ಎಣ್ಣೆಯ ಕೊಪ್ಪರಿಗೆಯನ್ನೂ ಅಲ್ಲೇ ಬಿಟ್ಟುಬಂದಿತು.

ಹಾಗೆ ಬಿಟ್ಟುಬಂದ ಶೋಕಕ್ಕೆ ಹತ್ತಿರವಿರುವುದೇ ಖಾಸಗಿ ಪತ್ತೇದಾರನ ವಿಶೇಷ. ಪೊಲೀಸಿನವನನ್ನು ಕಳಿಸುವುದು ಸರ್ಕಾರ. ಖಾಸಗಿ ಪತ್ತೇದಾರನನ್ನು ಕರೆಯುವುದು ಕಳೆದುಕೊಂಡವರು. ನಮ್ಮ ದೇಶದಲ್ಲಿ ಅವನಿಗೆ ಬಂಧಿಸುವ ಅಧಿಕಾರವಿಲ್ಲ. ಖಾಸಗಿ ಭದ್ರತಾ ಸಂಸ್ಥೆಗಳಿಗೆ 2005ರಲ್ಲೇ ಕಾಯ್ದೆ ಬಂತು, ಪತ್ತೇದಾರಿ ಸಂಸ್ಥೆಗಳ ನಿಯಂತ್ರಣಕ್ಕೆಂದು 2007ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ ಮಸೂದೆ ಮಾತ್ರ ಕಾಯ್ದೆಯಾಗಲಿಲ್ಲ. ದೆಹಲಿಯಲ್ಲಿ ಇಂಥ ಕಚೇರಿಗಳು ಬೇಕಾದಷ್ಟಿವೆ. ಮದುವೆಗೆ ಮುಂಚಿನ ವಿಚಾರಣೆ ಅವುಗಳ ಹೊಟ್ಟೆಪಾಡು. ಕಾಣೆಯಾದವರ ಹುಡುಕಾಟವೂ ಅವುಗಳ ಬಾಗಿಲಿಗೆ ಬರುತ್ತದೆ. ಪೊಲೀಸರ ಕಡತ ಮುಚ್ಚಿದ ಮೇಲೆ ಅಲ್ಲಿಗೆ ಹೋಗುವ ತಂದೆ-ತಾಯಿಗೆ ಬೇಕಾದದ್ದು ಅಪರಾಧಿಯ ಹೆಸರೊಂದೇ ಅಲ್ಲ, ತಮ್ಮ ಮಗುವಿನ ಕೊನೆಯ ದಿನದ ವಿವರ. ಇಂಗ್ಲಿಷಿನಲ್ಲಿ ಪಿ.ಡಿ. ಜೇಮ್ಸ್ ಇದನ್ನು ಚೆನ್ನಾಗಿ ಕಂಡಿದ್ದರು. 1972ರ ಅವರ ಕಾದಂಬರಿಯಲ್ಲಿ ಕಾರ್ಡೀಲಿಯಾ ಗ್ರೇ ಎಂಬ ಹುಡುಗಿಗೆ ಪತ್ತೇದಾರಿ ಕಚೇರಿ ದಕ್ಕುವುದೇ ಜೊತೆಗಾರನ ಆತ್ಮಹತ್ಯೆಯಿಂದ. ಅವಳಿಗೆ ಬರುವ ಕೆಲಸ, ಒಬ್ಬ ಹುಡುಗ ಯಾಕೆ ಜೀವ ತೆಗೆದುಕೊಂಡ ಎಂದು ತಿಳಿಯುವುದು. ಕೇಟ್ ಅಟ್ಕಿನ್ಸನ್ ಅವರ ‘ಕೇಸ್ ಹಿಸ್ಟರೀಸ್’ (2004) ಇನ್ನೂ ಮುಂದೆ ಹೋಗುತ್ತದೆ. ಅಲ್ಲಿ ಜಾಕ್ಸನ್ ಬ್ರೋಡಿಯ ಬಳಿ ಬರುವವರು ಎಷ್ಟೋ ವರ್ಷಗಳಿಂದ ನಷ್ಟವನ್ನು ಹೊತ್ತು ತಿರುಗುತ್ತಿರುವವರು, ಅವನೂ ಅಂಥವನೇ.

ಕನ್ನಡದಲ್ಲಿ ಈ ಕೆಲಸ ನಡೆದದ್ದು ಪತ್ತೇದಾರಿಯ ಬೇಲಿಯಾಚೆ. ದೇವನೂರ ಮಹಾದೇವರ ‘ಒಡಲಾಳ’ವನ್ನು ಒಂದು ಪತ್ತೇದಾರಿ ಕತೆಯಾಗಿ ಓದಲು ಬರುತ್ತದೆ. ಅಲ್ಲಿ ಎರಡು ಕಳವುಗಳಿವೆ. ಸಾಹುಕಾರನ ಕಡಲೆಕಾಯಿ ಕಳೆದುದಕ್ಕೆ ಪೊಲೀಸರು ಬಂದು ಗುಡಿಸಲು ಜಾಲಾಡುತ್ತಾರೆ. ಸಾಕವ್ವನ ಹುಂಜ ಕಳೆದುದಕ್ಕೆ ಸಾಕವ್ವ ಒಬ್ಬಳೇ ಅಲೆಯುತ್ತಾಳೆ. ಯಾರ ನಷ್ಟ ತನಿಖೆಗೆ ಯೋಗ್ಯ ಎಂಬ ಪ್ರಶ್ನೆಯನ್ನು ಇಷ್ಟು ಪುಟ್ಟ ಪುಸ್ತಕ ಎತ್ತಿತು. ಬಂಗಲೆಗಳ ಕೊಲೆಗಳನ್ನೇ ಬಿಡಿಸುತ್ತಿದ್ದ ನಮ್ಮ ಪತ್ತೇದಾರರಿಗೆ ಆ ಪ್ರಶ್ನೆ ಹೊಳೆಯಲೇ ಇಲ್ಲ. ತೇಜಸ್ವಿಯವರ ‘ಚಿದಂಬರ ರಹಸ್ಯ’ (1985) ಪತ್ತೇದಾರಿಯ ಚೌಕಟ್ಟನ್ನು ತಿಳಿದೇ ಎತ್ತಿಕೊಂಡದ್ದು. ಏಲಕ್ಕಿ ವಿಜ್ಞಾನಿ ಜೋಗಿಹಾಳರ ಸಾವಿನ ಸುತ್ತ ವಿಚಾರಿಸಲು ಗುಪ್ತಚರ ಇಲಾಖೆಯ ಅಂಗಾಡಿ ಕೆಸರೂರಿಗೆ ಬರುತ್ತಾನೆ. ಎಳೆ ಬಿಡಿಸುತ್ತ ಹೋದಂತೆ ಒಬ್ಬನ ಸಾವಿನ ಕತೆ ಒಂದು ಊರಿನ, ಒಂದು ಕಾಡಿನ ವಿನಾಶದ ಕತೆಯಾಗುತ್ತದೆ. ಅದ್ಭುತವಾದ ವಿಸ್ತಾರ. ಆದರೂ ಒಂದು ಮಾತು ಹೇಳಲೇಬೇಕು: ಜೋಗಿಹಾಳರಿಗಾಗಿ ಆ ಕಾದಂಬರಿ ಅಳುವುದಿಲ್ಲ. ತೇಜಸ್ವಿಯವರ ವ್ಯಥೆ ಕೆಸರೂರಿಗಾಗಿ, ವ್ಯಕ್ತಿಗಾಗಿ ಅಲ್ಲ.

ವಿವೇಕ ಶಾನಭಾಗರ ‘ಸಕೀನಾಳ ಮುತ್ತು’ (2021) ನನಗೆ ಮುಖ್ಯವಾಗುವುದು ಅದು ವ್ಯಕ್ತಿಯ ಬಳಿಗೆ ಮರಳಿದ್ದರಿಂದ. ಮಗಳು ಸಂಪರ್ಕಕ್ಕೆ ಸಿಗುತ್ತಿಲ್ಲ, ಅವಳನ್ನು ಕೇಳಿಕೊಂಡು ಅಪರಿಚಿತ ಹುಡುಗರು ಬಾಗಿಲಿಗೆ ಬಂದಿದ್ದಾರೆ, ಮನೆತನದಲ್ಲಿ ಹಿಂದೊಮ್ಮೆ ಕಣ್ಮರೆಯಾದ ರಮಣನ ನೆನಪು ಇನ್ನೂ ಆರಿಲ್ಲ. ತಂದೆಯೇ ಇಲ್ಲಿ ಪತ್ತೇದಾರ, ಬಹಳ ಕೆಟ್ಟ ಪತ್ತೇದಾರ. ಅವನ ಕಣ್ಣಮುಂದಿರುವ ಸುಳಿವು ಅವನಿಗೆ ಕಾಣದು, ಓದುಗನಿಗೆ ಕಾಣುತ್ತದೆ. ಮಗಳನ್ನು ಹುಡುಕುತ್ತ ಹೊರಟವನು ತಾನು ಅವಳನ್ನು ಯಾವಾಗಲೋ ಕಳೆದುಕೊಂಡಿದ್ದೇನೆ ಎಂಬುದರ ಅಂಚಿಗೆ ಬರುತ್ತಾನೆ, ಅದನ್ನು ಒಪ್ಪಲಾರ. ಶೋಕಕ್ಕೆ ಸಾವೇ ಆಗಬೇಕಿಲ್ಲ ಎಂಬುದನ್ನು ಈ ಕಾದಂಬರಿ ರಹಸ್ಯದ ಹದದಲ್ಲೇ ಸಾಧಿಸುತ್ತದೆ.

ಸಿನಿಮಾ ಈ ವಿಷಯದಲ್ಲಿ ಪುಸ್ತಕಗಳಿಗಿಂತ ಧೈರ್ಯ ತೋರಿದೆ. ‘ಬೆಲ್ ಬಾಟಂ’ (2019) ಹಳೆಯ ಪತ್ತೇದಾರಿ ಪುಸ್ತಕಗಳಿಗೆ ಅಕ್ಕರೆಯಿಂದ ಸಲ್ಲಿಸಿದ ಕಾಣಿಕೆ, ಅಷ್ಟೇ. ಹೇಮಂತ್ ರಾವ್ ಅವರ ಎರಡು ಚಿತ್ರಗಳು ಬೇರೆ ತೂಕದವು. ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಕಾಣೆಯಾದವರ ಪ್ರಕಟಣೆಯ ಒಣ ಭಾಷೆಯನ್ನೇ ಹೆಸರಾಗಿಸಿಕೊಂಡಿತು. ಮರೆವಿನ ಕಾಯಿಲೆಯ ತಂದೆ ಕಳೆದುಹೋದಾಗ ಮಗ ಹುಡುಕಲು ಹೊರಡುತ್ತಾನೆ. ಅವರು ಎಂಥವರು ಎಂದು ಹೇಳಲು ಹೋದಾಗ ಅವನಿಗೆ ಗೊತ್ತಿರುವುದು ಎಷ್ಟು ಕಡಿಮೆ ಎಂದು ತಿಳಿಯುತ್ತದೆ. ‘ಕವಲುದಾರಿ’ (2019)ಯಲ್ಲಿ ಅಗೆತದಲ್ಲಿ ಸಿಕ್ಕ ಮೂಳೆಗಳ ಬೆನ್ನುಹತ್ತುವ ಯುವಕನಿಗಿಂತ, ಕುಟುಂಬ ಕಳೆದುಕೊಂಡು ಕುಡಿತಕ್ಕೆ ಬಿದ್ದ ನಿವೃತ್ತ ಅಧಿಕಾರಿಯಾಗಿ ಅನಂತ್ ನಾಗ್ ಮನಸ್ಸಿನಲ್ಲಿ ಉಳಿಯುತ್ತಾರೆ. ಹಳೆಯ ಪ್ರಕರಣವೊಂದನ್ನು ಬಗೆಹರಿಸುವುದರಿಂದ ಸ್ವಂತ ದುಃಖ ಬಗೆಹರಿಯುತ್ತದೆಯೇ ಎಂದು ಆ ಮುಖ ಕೇಳುತ್ತದೆ. ದ್ವಿತೀಯಾರ್ಧದಲ್ಲಿ ಚಿತ್ರ ಸಂಚಿನ ಸಿಕ್ಕು ಬಿಡಿಸುವ ಆತುರಕ್ಕೆ ಬಿದ್ದು ಆ ಮುಖದಿಂದ ದೂರ ಹೋಗುತ್ತದೆ. ಅಲ್ಲಿ ನನಗೆ ನಿರಾಸೆಯಾಯಿತು. ಹಳೆಯ ಚಾಳಿ ಮತ್ತೆ ಗೆದ್ದಿತು.

ಇನ್ನು ಬರೆಯಬೇಕಾದ ಕಾದಂಬರಿಯ ನೆಲೆ ಎಲ್ಲಿದ್ದೀತು? ಹಿಂದಿಯಲ್ಲಿ ಸುರೇಂದ್ರ ಮೋಹನ್ ಪಾಠಕರ ಸುಧೀರ್ ಕೊಹ್ಲಿ ಎಂಬ ಖಾಸಗಿ ಪತ್ತೇದಾರ ದೆಹಲಿಯ ಬೀದಿಗಳನ್ನು ಚೆನ್ನಾಗಿ ಬಲ್ಲ, ಆದರೆ ಅವನ ದೆಹಲಿ ಬಾರು, ಹಣ, ಮೋಸಗಳದ್ದು. ನಾನು ದಿನವೂ ನೋಡುವ ದೆಹಲಿ ಬೇರೆ. ಮಗನ ನೌಕರಿಯ ಬೆನ್ನಿಗೆ ಊರು ಬಿಟ್ಟು ಬಂದ ತಾಯಂದಿರು ಇಲ್ಲಿನ ಹೌಸಿಂಗ್ ಸೊಸೈಟಿಗಳಲ್ಲಿ ಇದ್ದಾರೆ. ಒಂದು ಗೇಟಿನಂತೆಯೇ ಇನ್ನೊಂದು ಗೇಟು, ಒಂದು ಬ್ಲಾಕಿನಂತೆಯೇ ಇನ್ನೊಂದು ಬ್ಲಾಕು. ಹಿಂದಿ ಬಾರದ ಅಂಥ ಒಬ್ಬ ತಾಯಿ ಸಂಜೆ ಕೆಳಗಿಳಿದವಳು ದಾರಿ ತಪ್ಪಿ ಮೆಟ್ರೋ ಹತ್ತಿದರೆ, ನೀಲಿ ಮಾರ್ಗದ ರೈಲು ಅವಳನ್ನು ಇಡೀ ನಗರ ದಾಟಿಸಿ ಯಮುನೆಯಾಚೆಯ ನೋಯ್ಡಾಕ್ಕೆ ಒಯ್ಯುತ್ತದೆ. ಠಾಣೆಯಲ್ಲಿ ದೂರು ದಾಖಲಾಗುತ್ತದೆ, ‘ಗುಮ್‌ಶುದಾ ಕೀ ತಲಾಶ್’ ಎಂದು ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ತಿಂಗಳುಗಳು ಕಳೆಯುತ್ತವೆ. ಏಳು ವರ್ಷ ಸುದ್ದಿಯಿಲ್ಲದಿದ್ದರೆ ಸತ್ತಿದ್ದಾರೆಂದು ಭಾವಿಸಬಹುದು ಎನ್ನುವುದು 1872ರ ಸಾಕ್ಷ್ಯ ಕಾಯ್ದೆಯ 108ನೆಯ ಕಲಮು. ಈಗಿನ ಹೊಸ ಕಾನೂನಿನಲ್ಲೂ ಆ ನಿಯಮ ಉಳಿದಿದೆ. ಆ ಏಳು ವರ್ಷ ಮಗ ವರ್ಷಾಬ್ದಿಕ ಮಾಡುವಂತಿಲ್ಲ, ಸೊಸೆ ಅತ್ತೆಯ ಸೀರೆಗಳನ್ನು ಯಾರಿಗೂ ಕೊಡುವಂತಿಲ್ಲ, ಹಬ್ಬಕ್ಕೆ ಊರಿನಿಂದ ಫೋನು ಮಾಡುವವರಿಗೆ ಏನು ಹೇಳಬೇಕೋ ತಿಳಿಯದು. ಈ ಮನೆಗೆ ಬರುವ ಪತ್ತೇದಾರನಿಗೆ ಪಿಸ್ತೂಲು ಬೇಡ. ಆ ತಾಯಿ ಗಾಬರಿಯಾದಾಗ ಯಾವ ದೇವರ ಹೆಸರು ಹೇಳುತ್ತಿದ್ದಳು, ಮಗನನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದಳು, ಯಾರಾದರೂ ಊರು ಯಾವುದೆಂದು ಕೇಳಿದರೆ ತವರೂರು ಹೇಳುತ್ತಿದ್ದಳೋ ಗಂಡನ ಊರೋ ಎಂದು ಅವನು ಕೇಳಬೇಕು. ಮಗ ಉತ್ತರಕ್ಕೆ ತಡವರಿಸುವಾಗ ಎದ್ದುಹೋಗದೆ ಕೂತಿರಬೇಕು. ಕನ್ನಡದ ಯಾವ ಪತ್ತೇದಾರನೂ ಇಂಥ ಮನೆಯೊಂದರಲ್ಲಿ ಅಷ್ಟು ಹೊತ್ತು ಕೂತದ್ದನ್ನು ನಾನು ಈವರೆಗೆ ಓದಿಲ್ಲ.