ಏಕರೂಪ ವಕೀಲಿ ಪರೀಕ್ಷೆ: ಒಂದು ವಿಮರ್ಶೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ವಕೀಲಿ ವೃತ್ತಿಗೆ ಪ್ರವೇಶ ಕೊಡುವ ಅಧಿಕಾರ ಆಯಾ ಸಂಸ್ಥಾನಕ್ಕೆ ಸೇರಿದ್ದು. ಆದಕಾರಣ ಒಂದೆಡೆ ತೇರ್ಗಡೆಯಾದ ಹೊಸ ವಕೀಲನು ಇನ್ನೊಂದೆಡೆಗೆ ಹೋದರೆ ಬಹುಮಟ್ಟಿಗೆ ಮತ್ತೆ ಪರೀಕ್ಷೆಗೆ ಕೂಡಬೇಕಾಗುತ್ತಿತ್ತು. ಈ ತೊಡಕನ್ನು ನೀಗಲೆಂದು 2011ರ ಫೆಬ್ರವರಿಯಲ್ಲಿ ಮಿಸೌರಿ ಮತ್ತು ನಾರ್ತ್ ಡಕೋಟಗಳಲ್ಲಿ ಏಕರೂಪ ಪರೀಕ್ಷೆ ಮೊದಲಾಯಿತು. 2016ರಲ್ಲಿ ನ್ಯೂಯಾರ್ಕೂ 2021ರಲ್ಲಿ ಟೆಕ್ಸಾಸೂ ಅದನ್ನು ನಡೆಸತೊಡಗಿದವು. ಒಮ್ಮೆ ಗಳಿಸಿದ ಅಂಕವನ್ನು ಈ ಏರ್ಪಾಡಿಗೆ ಸೇರಿದ ಬೇರೊಂದು ಸಂಸ್ಥಾನಕ್ಕೆ ವರ್ಗಾಯಿಸಿಕೊಳ್ಳಬಹುದು. ಇದು ಉಪಕಾರವೆಂಬುದನ್ನು ನಾವು ಮೊದಲೇ ಒಪ್ಪುತ್ತೇವೆ. ಆದರೆ 'ಏಕರೂಪ'ವೆಂಬ ವಿಶೇಷಣ ಎಷ್ಟರಮಟ್ಟಿಗೆ ಸಾರ್ಥಕವೆಂಬುದು ವಿಚಾರಾರ್ಹ.

ಪ್ರಶ್ನಪತ್ರಿಕೆ ಒಂದೇ, ಒಟ್ಟು ಅಂಕ 400. ಅದರಲ್ಲಿ ಅರ್ಧಪಾಲು 200 ಬಹು ಆಯ್ಕೆಯ ಪ್ರಶ್ನೆಗಳಿಗೆ, ಉಳಿದುದು ಆರು ಪ್ರಬಂಧೋತ್ತರಗಳಿಗೂ ಎರಡು ಪ್ರಾಯೋಗಿಕ ಬರವಣಿಗೆಗಳಿಗೂ ಸಲ್ಲುತ್ತದೆ. ತೇರ್ಗಡೆಯ ಗೆರೆಯನ್ನು ಮಾತ್ರ ಮಿಸೌರಿ 260ಕ್ಕೂ ನ್ಯೂಯಾರ್ಕ್ 266ಕ್ಕೂ ಟೆಕ್ಸಾಸ್ 270ಕ್ಕೂ ಎಳೆದವು. 264 ಅಂಕ ಪಡೆದವನು ಮಿಸೌರಿಯಲ್ಲಿ ಸಮರ್ಥ, ನ್ಯೂಯಾರ್ಕಿನಲ್ಲಿ ಅಸಮರ್ಥ! ಸ್ಥಳೀಯ ಕಾನೂನಿನ ವೈಲಕ್ಷಣ್ಯವೇ ಇದಕ್ಕೆ ಕಾರಣವೆನ್ನುವಂತಿಲ್ಲ; ಈ ಪರೀಕ್ಷೆ ಕೇಳುವುದು ಸಾಮಾನ್ಯ ತತ್ತ್ವಗಳನ್ನು. ಸ್ಥಳೀಯ ಕಾನೂನಿಗೆಂದೇ ನ್ಯೂಯಾರ್ಕ್ 2016ರಲ್ಲಿ ಪ್ರತ್ಯೇಕ ಪಾಠವನ್ನೂ ಪರೀಕ್ಷೆಯನ್ನೂ ಇರಿಸಿತು.

ಇದಕ್ಕಿಂತಲೂ ಗಹನವಾದುದು ಕಾಲದ ಪ್ರಶ್ನೆ. ನ್ಯೂಯಾರ್ಕಿನ ನಿಯಮದಂತೆ ವರ್ಗಾವಣೆಗೆ ಅಂಕದ ಆಯುಸ್ಸು ಮೂರು ವರ್ಷ. ಪರೀಕ್ಷೆಯಿಲ್ಲದೆ ಅನುಭವದ ಬಲದಿಂದ ಪ್ರವೇಶ ಬೇಕಾದರೆ ಹಿಂದಿನ ಏಳು ವರ್ಷಗಳಲ್ಲಿ ಐದು ವರ್ಷ ವೃತ್ತಿ ನಡೆಸಿರಬೇಕು. ಹಾಗಾದರೆ ನಾಲ್ಕು ವರ್ಷದ ಹಿಂದೆ ತೇರ್ಗಡೆಯಾಗಿ, ಅಂದಿನಿಂದ ವಾದಿಸುತ್ತಲೇ ಇರುವವಳು ಪತಿಯ ಉದ್ಯೋಗದ ನಿಮಿತ್ತ ಅಲ್ಲಿಗೆ ಬಂದರೆ ಅವಳ ಗತಿಯೇನು? ಅಂಕ ಹಳತಾಯಿತು, ಅನುಭವ ಸಾಲದು. ವಿದ್ಯಾರ್ಥಿಯಾಗಿದ್ದಾಗ ಬರೆದ ಪರೀಕ್ಷೆಗೆ ಅವಳು ಮತ್ತೆ ಕೂಡಬೇಕು. ನಿನ್ನೆ ತೇರ್ಗಡೆಯಾದವನಿಗೆ ತೆರೆದ ಬಾಗಿಲು ಅವಳಿಗೆ ಮುಚ್ಚಿರುವುದನ್ನು ನಾವು ಯಾವ ತತ್ತ್ವದಿಂದಲೂ ಸಮರ್ಥಿಸಲಾರೆವು.

ನಮ್ಮ 1961ರ ವಕೀಲರ ಕಾಯಿದೆಯ 30ನೆಯ ಕಲಮು 2011ರ ಜೂನಿನಲ್ಲಿ ಜಾರಿಗೆ ಬಂದು, ಒಂದು ರಾಜ್ಯದ ಪಟ್ಟಿಯಲ್ಲಿ ಹೆಸರುಳ್ಳ ವಕೀಲರಿಗೆ ದೇಶದ ಎಲ್ಲ ನ್ಯಾಯಾಲಯಗಳಲ್ಲಿಯೂ ವಾದಿಸುವ ಹಕ್ಕನ್ನು ಕೊಟ್ಟಿದೆ. ಇಲ್ಲಿ ಹಕ್ಕೇ ಸಂಚರಿಸುತ್ತದೆ. ಅಲ್ಲಿ ಅಂಕ ಮಾತ್ರ. ಸಂಸ್ಥಾನಗಳ ಸ್ವಾತಂತ್ರ್ಯವನ್ನು ಗೌರವಿಸಿಯೂ ಒಂದು ತಿದ್ದುಪಡಿ ಸಾಧ್ಯ: ಅಂಕದ ಆಯುಸ್ಸು ಮುಗಿಯುವಲ್ಲಿ ಅನುಭವದ ಮಾನ್ಯತೆ ಮೊದಲಾಗಬೇಕು. ಅಷ್ಟಾದರೂ ಆದಲ್ಲಿ 'ಏಕರೂಪ'ವೆಂಬ ಹೆಸರು ಕೊಂಚ ಅನ್ವರ್ಥವಾದೀತು.