ಕೈಗೆ ಸಿಕ್ಕ ಚೆಂಡಿಗೆ ಲೆಕ್ಕವಿಲ್ಲ

ಪೀಣ್ಯದಿಂದ ತುಮಕೂರು ರಸ್ತೆ ಹಿಡಿದು ನೆಲಮಂಗಲದ ಕಡೆಗೆ ಹೋದರೆ ಬಾಡಿಗೆಗೆ ಸಿಗುವ ಮೈದಾನಗಳು ಅಲ್ಲಲ್ಲಿ ಇವೆ. ಭಾನುವಾರ ಬೆಳಿಗ್ಗೆ ಅಲ್ಲಿ ಕಾರ್ಖಾನೆ ತಂಡಗಳ ಪಂದ್ಯ. ಹೋದ ತಿಂಗಳು ಅಂಥದ್ದೊಂದು ಪಂದ್ಯ ನೋಡುತ್ತಾ ಸ್ಕೋರರ್ ಪಕ್ಕದಲ್ಲೇ ಕೂತಿದ್ದೆ. ಒಂದು ತಂಡದ ಕೀಪರ್ ಇನ್‌ಸ್ಪೆಕ್ಷನ್ ವಿಭಾಗದ ಹುಡುಗ. ವಾರವೆಲ್ಲ ಮೈಕ್ರೋಮೀಟರ್ ಹಿಡಿದು ಪೀಸ್ ಅಳೆಯುವ ಕೆಲಸ. ಇಪ್ಪತ್ತು ಓವರ್ ಮುಗಿಸಿ ಬಂದು ಗ್ಲೌಸ್ ಬಿಚ್ಚಿದ. ಒಳಗಿನ ಬಟ್ಟೆಯ ಗ್ಲೌಸ್ ಬೆವರಿಗೆ ತೊಯ್ದು ಬೆರಳಿಗೆ ಅಂಟಿಕೊಂಡಿತ್ತು. ಎಡಗೈ ಉಂಗುರದ ಬೆರಳು ಮೇಲಿನ ಗೆಣ್ಣಿನಲ್ಲಿ ಹೊರಕ್ಕೆ ಬಾಗಿತ್ತು. "ಮುರಿದಿತ್ತಾ?" ಎಂದೆ. "ಇಲ್ಲ ಸಾರ್, ಕೀಲು ತಪ್ಪಿದ್ದು. ನಾನೇ ಎಳೆದು ಕೂರಿಸ್ಕೊಂಡೆ" ಎಂದ.

ಸ್ಕೋರ್ ಪುಸ್ತಕ ತಿರುವಿ ನೋಡಿದೆ. ಲೆಗ್ ಸೈಡಿಗೆ ಜಾರಿ ಬೌಂಡರಿಗೆ ಹೋಗಬೇಕಿದ್ದ ಐದಾರು ಚೆಂಡುಗಳನ್ನು ಆ ಹುಡುಗ ಮೈಯೊಡ್ಡಿ ತಡೆದದ್ದನ್ನು ಕಣ್ಣಾರೆ ಕಂಡಿದ್ದೆ. ಪುಸ್ತಕದಲ್ಲಿ ಅವನ ಕೀಪಿಂಗ್‌ನ ಗುರುತು ಒಂದೇ ಕಡೆ ಇತ್ತು: ಬೈ 2. ತಡೆದದ್ದಕ್ಕೆ ಕಾಲಮ್ಮೇ ಇಲ್ಲ, ಬಿಟ್ಟದ್ದಕ್ಕೆ ಇದೆ.

ಕ್ರಿಕೆಟ್ ಕೀಪರನಿಗೆ ಮಾಡುತ್ತಾ ಬಂದಿರುವ ಅನ್ಯಾಯ ಇದು. ಸೈಯದ್ ಕಿರ್ಮಾನಿ ಅವರ ವೃತ್ತಿಜೀವನವನ್ನು ನಾವು ನೆನೆಯುವ ರೀತಿಯಲ್ಲೂ ಇದೇ ಅನ್ಯಾಯವಿದೆ. ಕಿರ್ಮಾನಿ ಎಂದೊಡನೆ 1983ರ ವಿಶ್ವಕಪ್, ಟನ್‌ಬ್ರಿಜ್ ವೆಲ್ಸ್, ಕಪಿಲ್ ದೇವ್ ಜೊತೆಗಿನ ಮುರಿಯದ 126 ರನ್ ಎನ್ನುತ್ತೇವೆ. ಅಲ್ಲಿ ಅವರು ಮಾಡಿದ್ದು ಔಟಾಗದೆ 24. ನಿಜಕ್ಕೂ ದೊಡ್ಡ ಆಟ, ಎರಡು ಮಾತಿಲ್ಲ. ಆದರೆ 88 ಟೆಸ್ಟ್ ಆಡಿದ ಕೀಪರನ್ನು ಬ್ಯಾಟಿನಿಂದ ನೆನೆಯುವುದು ವೀಣೆ ಶೇಷಣ್ಣನವರನ್ನು ಅವರ ಪೇಟದಿಂದ ನೆನೆದ ಹಾಗೆ.

ಬೆಂಗಳೂರಿನಲ್ಲಿ ಹುಡುಗನಾಗಿ ಆಡುವಾಗ ಗ್ಲೌಸ್ ಇಲ್ಲದೆ ಇಟ್ಟಿಗೆ ಹಿಡಿದು ಚೆಂಡು ತಡೆಯುತ್ತಿದ್ದೆ ಎಂದು ಕಿರ್ಮಾನಿ ಅವರೇ ಹೇಳಿಕೊಂಡಿದ್ದಾರೆ. ಇಟ್ಟಿಗೆ ಚೆಂಡನ್ನು ತಡೆಯುತ್ತದೆ, ಹಿಡಿಯುವುದಿಲ್ಲ. ಹಿಡಿಯಲು ಕೈ ಹಿಂದಕ್ಕೆ ಸರಿದು ಚೆಂಡನ್ನು ಬರಮಾಡಿಕೊಳ್ಳಬೇಕು. ಆ ಮೆದುತನವನ್ನು ಅವರು ಕರ್ನಾಟಕ ತಂಡದಲ್ಲಿ ಕಲಿತರು ಎಂದು ನನ್ನ ಊಹೆ. ಏಕೆಂದರೆ ಅಲ್ಲಿ ಎದುರಿನಿಂದ ಬೌಲ್ ಮಾಡುತ್ತಿದ್ದವರು ಸ್ಪಿನ್ನರ್‌ಗಳಾದ ಪ್ರಸನ್ನ ಮತ್ತು ಚಂದ್ರಶೇಖರ್.

ಚಂದ್ರಶೇಖರ್ ಅವರಿಗೆ ಕೀಪಿಂಗ್ ಮಾಡುವುದೆಂದರೆ ಏನು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಪೋಲಿಯೊದಿಂದ ಸೊರಗಿದ ಬಲಗೈ, ಲೆಗ್ ಸ್ಪಿನ್ನರ್ ಆದರೂ ಕೆಲವು ಎಸೆತ ಮಧ್ಯಮ ವೇಗಿಯಷ್ಟು ಜೋರು. ಗೂಗ್ಲಿ ಯಾವುದು, ನೇರ ಬರುವುದು ಯಾವುದು ಎಂದು ಬ್ಯಾಟ್ಸ್‌ಮನ್‌ಗೆ ತಿಳಿಯದಿದ್ದರೆ ಅವನು ಔಟಾಗುತ್ತಾನೆ, ಅಷ್ಟೇ. ಕೀಪರನಿಗೆ ತಿಳಿಯದಿದ್ದರೆ ಹಲ್ಲು ಹೋಗುತ್ತದೆ. ಅವನು ಸ್ಟಂಪಿಗೆ ಒತ್ತಿ ಕೂತಿರುತ್ತಾನೆ. ಚೆಂಡು ಲೆಗ್ ಸ್ಟಂಪಿನ ಹೊರಗೆ ಬಿದ್ದಾಗ ಬ್ಯಾಟ್ಸ್‌ಮನ್ ಮೈ ಅಡ್ಡ ಬಂದು ಒಂದು ಕ್ಷಣ ಏನೂ ಕಾಣುವುದಿಲ್ಲ. ಕಾಣದ ಚೆಂಡು ಎಲ್ಲಿಗೆ ಬರುತ್ತದೆಂದು ಬೌಲರನ ಮಣಿಕಟ್ಟು ನೋಡಿಯೇ ಗೊತ್ತುಮಾಡಿಕೊಂಡು ಕೈ ಅಲ್ಲಿಗೆ ಮೊದಲೇ ಹೋಗಿರಬೇಕು. ಹಾಗೆಂದು ಬೇಗ ಎದ್ದರೂ ಕೆಟ್ಟಿತು. ಚೆಂಡು ನೆಲ ಬಿಟ್ಟು ಏಳುವಾಗಲೇ ಅದರ ಜೊತೆಗೆ ಮಂಡಿ ಏಳಬೇಕು. ದಿನಕ್ಕೆ ತೊಂಬತ್ತು ಓವರ್ ಎಂದರೆ 540 ಸಲ ಕೂತು ಏಳಬೇಕು.

ಈ ಕೆಲಸಕ್ಕೆ ಕಿರ್ಮಾನಿ ಕಾದದ್ದೂ ದೀರ್ಘ ಕಾಲ. 1971ರಲ್ಲೇ ಇಂಗ್ಲೆಂಡಿಗೆ ಹೋದ ತಂಡದಲ್ಲಿದ್ದರು. ಫರೂಕ್ ಎಂಜಿನಿಯರ್ ಕೀಪರ್ ಆಗಿದ್ದ ಕಾಲ ಅದು. ಮೊದಲ ಟೆಸ್ಟ್ ಸಿಕ್ಕಿದ್ದು 1976ರ ಜನವರಿಯಲ್ಲಿ, ಆಕ್ಲೆಂಡ್‌ನಲ್ಲಿ. ಆ ಪಂದ್ಯದಲ್ಲಿ ಪ್ರಸನ್ನ ಒಂದೇ ಇನಿಂಗ್ಸ್‌ನಲ್ಲಿ 76 ರನ್ನಿಗೆ 8 ವಿಕೆಟ್ ತೆಗೆದರು. ಮುಂದಿನ ಟೆಸ್ಟ್ ಕ್ರೈಸ್ಟ್‌ಚರ್ಚ್‌ನಲ್ಲಿ. ಅಲ್ಲಿ ಕಿರ್ಮಾನಿ ಒಂದೇ ಇನಿಂಗ್ಸ್‌ನಲ್ಲಿ ಆರು ಜನರನ್ನು ಔಟ್ ಮಾಡಿ ಆಗಿನ ವಿಶ್ವದಾಖಲೆಯನ್ನು ಸರಿಗಟ್ಟಿದರು. ಎರಡನೇ ಟೆಸ್ಟಿನಲ್ಲೇ!

ಅವರದು ಏಳುಬೀಳಿಲ್ಲದ ಜೀವನವೇನಲ್ಲ. 1979ರ ಇಂಗ್ಲೆಂಡ್ ಪ್ರವಾಸಕ್ಕೆ, ಅದೇ ವರ್ಷದ ವಿಶ್ವಕಪ್‌ಗೆ ಅವರನ್ನು ಕೈಬಿಟ್ಟರು. ಅದೇ ವರ್ಷ ಮರಳಿ ಬಂದು ಬಾಂಬೆಯಲ್ಲಿ ಆಸ್ಟ್ರೇಲಿಯಾದ ಎದುರು ನೈಟ್‌ವಾಚ್‌ಮನ್ ಆಗಿ ಇಳಿದು ಔಟಾಗದೆ 101 ಹೊಡೆದರು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 1981-82ರ ಇಂಗ್ಲೆಂಡ್ ಸರಣಿ. ಸತತ ಮೂರು ಟೆಸ್ಟ್‌ಗಳಲ್ಲಿ ಇಂಗ್ಲೆಂಡ್ 1964 ರನ್ ಗಳಿಸಿತು, ಬೈ ಮಾತ್ರ ಒಂದೂ ಇಲ್ಲ. ಸೊನ್ನೆ! ನಮ್ಮ ಸ್ಪಿನ್ನರ್‌ಗಳು ದಿನಗಟ್ಟಲೆ ಬೌಲ್ ಮಾಡಿದ ಸರಣಿ ಅದು. ನಾಲ್ಕನೇ ದಿನ, ಐದನೇ ದಿನ ಒಂದು ಚೆಂಡು ಪುಟಿದು ಬರುತ್ತದೆ, ಮುಂದಿನದು ನೆಲ ಬಿಟ್ಟು ಏಳುವುದೇ ಇಲ್ಲ. ಆ ಸೊನ್ನೆಗೆ ಶತಕಕ್ಕೆ ಸಿಗುವ ಚಪ್ಪಾಳೆ ಸಿಕ್ಕಲಿಲ್ಲ. ನನ್ನ ಮಟ್ಟಿಗೆ ಅವರ ಎರಡೂ ಟೆಸ್ಟ್ ಶತಕಗಳಿಗಿಂತ ಅದು ಹಿರಿದು.

ಇಲ್ಲಿ ಅಮೆರಿಕದ ಬೇಸ್‌ಬಾಲ್ ನೆನಪಾಗುತ್ತದೆ. ಅಲ್ಲಿ ಕೀಪರನ ಅಣ್ಣನಂತಿರುವವನು ಕ್ಯಾಚರ್. ಮುಖಕ್ಕೆ ಜಾಲರಿ, ಎದೆಗೆ ಕವಚ, ಒಂದೇ ಕೈಗೆ ದಪ್ಪ ಗ್ಲೌಸ್. ಯಾವ ಚೆಂಡು ಎಸೆಯಬೇಕೆಂದು ಪಿಚರ್‌ಗೆ ಸೂಚಿಸುವವನೂ ಅವನೇ. ಹೋಸೆ ಮೊಲಿನಾ ಎಂಬ ಕ್ಯಾಚರ್ ಇದ್ದ. ಅಣ್ಣ ಬೆಂಜಿ, ತಮ್ಮ ಯಾಡಿಯರ್, ಮೂವರೂ ಕ್ಯಾಚರ್‌ಗಳೇ. ಹೋಸೆಯ ಬ್ಯಾಟಿಂಗ್ ಸಾಧಾರಣ. ಆದರೆ ಗೆರೆಯಂಚಿಗೆ ಬಂದ ಚೆಂಡನ್ನು ಕೈ ಅಲುಗಿಸದೆ ಹಿಡಿದು ಅಂಪೈರ್ ಕಣ್ಣಿಗೆ ಅದು ಸರಿಯಾದ ಚೆಂಡೇ ಎನ್ನಿಸುವ ಹಾಗೆ ಮಾಡುವುದರಲ್ಲಿ ನಿಸ್ಸೀಮ. ಈ ಶತಮಾನದಲ್ಲಿ ಕ್ಯಾಮೆರಾ ಇಟ್ಟು ಪ್ರತಿ ಎಸೆತ ಅಳೆಯಲು ಶುರುಮಾಡಿದ ಮೇಲೆ ಆ ಕೈ ತಂಡಕ್ಕೆ ಎಷ್ಟು ರನ್ ಉಳಿಸಿತೆಂದು ಲೆಕ್ಕ ಸಿಕ್ಕಿತು, ಅವನ ಬೆಲೆಯೂ ತಿಳಿಯಿತು. ಕ್ರಿಕೆಟ್ಟಿನಲ್ಲೂ ಈಗ ಪ್ರತಿ ಚೆಂಡಿನ ಜಾಡು ಹಿಡಿಯುವ ಕ್ಯಾಮೆರಾ ಇದೆ. ಅದು ಎಲ್‌ಬಿಡಬ್ಲ್ಯು ನೋಡುತ್ತದೆ. ಕೀಪರ್ ಉಳಿಸಿದ ರನ್ನಿನ ಪಟ್ಟಿಯನ್ನು ಟಿವಿಯಲ್ಲಿ ನಾನು ಕಂಡಿಲ್ಲ.

ಇದರ ಫಲವಾಗಿ ಕೀಪಿಂಗ್ ಎನ್ನುವುದು ಬ್ಯಾಟ್ಸ್‌ಮನ್‌ಗೆ ಹಚ್ಚುವ ಹೆಚ್ಚುವರಿ ಕೆಲಸವಾಗಿದೆ. ನಮ್ಮ ರಾಹುಲ್ ದ್ರಾವಿಡ್ 2003ರ ವಿಶ್ವಕಪ್‌ನಲ್ಲಿ ತಂಡಕ್ಕಾಗಿ ಗ್ಲೌಸ್ ತೊಟ್ಟರು, 2023ರಲ್ಲಿ ಕೆ. ಎಲ್. ರಾಹುಲ್ ತೊಟ್ಟರು. ಇಬ್ಬರೂ ನಿಷ್ಠೆಯಿಂದ ಮಾಡಿದರು, ಅವರ ಮೇಲೆ ದೂರಿಲ್ಲ. ಆದರೆ ಈ ಏರ್ಪಾಡು ಮಾದರಿಯಾಗಬಾರದಿತ್ತು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಂಪನಿ ಟೂರ್ನಿಗಳಲ್ಲಿ ನಾನು ನೋಡಿದ ಮಟ್ಟಿಗೆ ಬೌಲಿಂಗ್ ಬಾರದವನಿಗೆ, ಓಡಲಾಗದವನಿಗೆ ಗ್ಲೌಸ್ ಕೊಡುತ್ತಾರೆ. ಅತಿ ಹೆಚ್ಚು ಚೆಂಡು ಮುಟ್ಟುವ ಜಾಗಕ್ಕೆ ಅತಿ ಕಡಿಮೆ ಯೋಚನೆ.

ಕಿರ್ಮಾನಿಯವರ ಕೊನೆಯ ಟೆಸ್ಟ್ 1986ರ ಜನವರಿಯಲ್ಲಿ ಸಿಡ್ನಿಯಲ್ಲಿ. 160 ಕ್ಯಾಚ್, 38 ಸ್ಟಂಪಿಂಗ್, ಒಟ್ಟು 198. ಇನ್ನೂರಕ್ಕೆ ಎರಡು ಕಡಿಮೆ. ಧೋನಿ 90 ಟೆಸ್ಟ್ ಆಡಿ 256 ಕ್ಯಾಚ್ ಹಿಡಿದರು. ಅವರ ಸ್ಟಂಪಿಂಗ್ ಎಷ್ಟು ಗೊತ್ತೇ? ಅದೂ 38. ಮಿಂಚಿನ ಕೈ ಎಂದು ಲೋಕವೇ ಹೊಗಳಿದ ಧೋನಿ, ಮರುಪ್ರಸಾರ ನೋಡಿ ತೀರ್ಪು ಕೊಡುವ ಮೂರನೇ ಅಂಪೈರ್ ಇದ್ದ ಕಾಲದಲ್ಲಿ, ಎರಡು ಟೆಸ್ಟ್ ಹೆಚ್ಚು ಆಡಿ ಅದೇ ಅಂಕಿಗೆ ನಿಂತರು. ಕಿರ್ಮಾನಿ ಕಾಲದಲ್ಲಿ ಸ್ಕ್ವೇರ್ ಲೆಗ್ ಅಂಪೈರನ ಬರಿಗಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿ ಬೇಲ್ಸ್ ಹಾರಿಸಬೇಕಿತ್ತು. ಅನುಮಾನವಿದ್ದರೆ ನಾಟೌಟ್. 1983ರ ಫೈನಲ್‌ನಲ್ಲಿ ಸಂಧು ಬೌಲಿಂಗ್‌ನಲ್ಲಿ ಬ್ಯಾಕಸ್‌ನ ಕ್ಯಾಚನ್ನು ಕಿರ್ಮಾನಿ ಹಾರಿ ಹಿಡಿದದ್ದನ್ನು ಇಂದಿಗೂ ನೋಡಬಹುದು. ಆ ವಿಶ್ವಕಪ್‌ನ ಶ್ರೇಷ್ಠ ಕೀಪರ್ ಎಂಬ ಗೌರವವೂ ಅವರಿಗೇ ಸಂದಿತು. ಸ್ಪಿನ್ನಿಗೆ ಸ್ಟಂಪಿನ ಹಿಂದೆ ಕೂರುವ ವಿದ್ಯೆಯಲ್ಲಿ ಕರ್ನಾಟಕ ಕೊಟ್ಟ ಅತ್ಯುತ್ತಮ ಕೈ ಅವರದು. ಭಾರತದ ಅತ್ಯುತ್ತಮವೂ ಅದೇ ಎಂದು ನಾನು ಹೇಳುತ್ತೇನೆ.

ಪೀಣ್ಯದ ಆ ಹುಡುಗನ ತಂಡ ಅಂದು 3 ರನ್ನಿನಿಂದ ಗೆದ್ದಿತು. ಪಂದ್ಯಶ್ರೇಷ್ಠ ಕಪ್ 41 ಹೊಡೆದವನಿಗೆ ಹೋಯಿತು. ಟೂರ್ನಿ ನಡೆಸುವವರಲ್ಲಿ, ಸ್ಕೋರ್ ಬರೆಯುವವರಲ್ಲಿ ನನ್ನದೊಂದು ವಿನಂತಿ: ಪುಸ್ತಕದ ಅಂಚಿನಲ್ಲಿ ಇನ್ನೊಂದು ಗೆರೆ ಎಳೆಯಿರಿ, ಕೀಪರ್ ತಡೆದ ಬೈಗಳನ್ನು ಅಲ್ಲಿ ಬರೆಯಿರಿ. ನಾಯಕರೇ, ಮುಂದಿನ ಭಾನುವಾರ ತಂಡದ ಪಟ್ಟಿ ಬರೆಯುವಾಗ ಕೀಪರನ ಹೆಸರನ್ನು ಮೊದಲು ಬರೆಯಿರಿ.