ಕೊಂಡಿ ಹುಡುಕುವ ಓದು: ಶರಸೇತುವಿನಿಂದ ಖಾನ್ಸಾರ್‌ವರೆಗೆ

ಬೇರೆ ಬೇರೆ ಕಥೆಗಳೆಲ್ಲ ಒಂದೇ ಲೋಕದಲ್ಲಿ ನಡೆಯುತ್ತವೆಂದು ಸಾಧಿಸುವ ಹವ್ಯಾಸ ಅಭಿಮಾನಿಗಳ ವ್ಯಾಖ್ಯಾನದಲ್ಲಿ ಒಂದು ಪರಂಪರೆಯಾಗಿಯೇ ಬೆಳೆದಿದೆ. ಗುಂಡು ಹಾರಿಸುವ ವಿಡಿಯೊ ಗೇಮ್‌ಗಳಲ್ಲಿ ಇದಕ್ಕೆ ಹೆಸರಾದ ಉದಾಹರಣೆ ಅಮೆರಿಕದ ಐಡಿ ಸಾಫ್ಟ್‌ವೇರ್‌ನ ಆಟಗಳು. ‘ವೂಲ್ಫೆನ್‌ಸ್ಟೈನ್ 3ಡಿ’ (1992) ಆಟದಲ್ಲಿ ನಾಜಿಗಳ ವಿರುದ್ಧ ಹೋರಾಡುವ ಬ್ಲಾಜ್ಕೊವಿಚ್‌ನ ಮೊಮ್ಮಗನೇ ‘ಕಮಾಂಡರ್ ಕೀನ್’ (1990) ಆಟದ ಎಂಟು ವರ್ಷದ ಬಿಲ್ಲಿ ಬ್ಲೇಜ್ ಎಂಬ ವಂಶಾವಳಿಯನ್ನು ತಯಾರಕರೇ ಕೊಟ್ಟಿದ್ದರು. ‘ಡೂಮ್’ (1993) ಆಟದ ಹೆಸರಿಲ್ಲದ ಸೈನಿಕನೂ ಅದೇ ಮನೆತನದವನೆಂದು ಆಟಗಾರರು ಆ ಬಳ್ಳಿಯನ್ನು ಮುಂದಕ್ಕೆ ಹಬ್ಬಿಸಿದರು. ಮೊಬೈಲ್‌ಗಾಗಿ 2008ರಲ್ಲಿ ಬಂದ ‘ವೂಲ್ಫೆನ್‌ಸ್ಟೈನ್ ಆರ್‌ಪಿಜಿ’ಯ ಕೊನೆಯ ರಾಕ್ಷಸ ಒಂದು ಕೈ, ಒಂದು ಕಾಲು ಕಳೆದುಕೊಳ್ಳುತ್ತಾನೆ. ‘ಡೂಮ್’ನ ಸೈಬರ್‌ಡೀಮನ್‌ಗೆ ಯಂತ್ರದ ಕೈಕಾಲು ಏಕಿವೆ ಎಂಬ ಪ್ರಶ್ನೆಗೆ ಅಲ್ಲೊಂದು ಉತ್ತರ ಸಿಕ್ಕಿತು.

ಅದೇ ವಂಶಾವಳಿ ಎಡವುವ ಜಾಗವೂ ಇದೆ. ‘ಡೂಮ್ 2’ (1994) ಆಟದ ಗುಪ್ತ ಹಂತವೊಂದರಲ್ಲಿ ನಾಲ್ವರು ಕೀನ್‌ಗಳನ್ನು (ಕೀನ್ ಎಂದರೆ ಅದೇ ಬಿಲ್ಲಿ ಬ್ಲೇಜ್) ನೇಣಿಗೆ ಹಾಕಲಾಗಿದೆ. ಅವರಿಗೆ ಗುಂಡಿಟ್ಟರೆ ಮಾತ್ರ ಮುಂದಿನ ದಾರಿ. ವಂಶಾವಳಿ ನಿಜವಾದರೆ ನಾಯಕ ತನ್ನ ಹಿರಿಯನ ಹೆಣಕ್ಕೇ ಗುಂಡಿಡುತ್ತಾನೆ, ಅದೂ ನಾಲ್ಕು ಹೆಣಗಳಿಗೆ. ಒಳಮನೆಯ ತಮಾಷೆಯನ್ನು ಸಾಕ್ಷ್ಯವೆಂದು ಹಿಡಿದಾಗ ಇಂಥ ಫಜೀತಿ ತಪ್ಪದು.

ಕನ್ನಡದಲ್ಲಿ ಕಥೆಗೆ ಕಥೆ ಹೊಸೆಯುವ ಕೆಲಸ ಬಹಳ ಹಳೆಯದು, ಅದು ರಂಗದ ಮೇಲೂ ನಡೆಯುತ್ತ ಬಂದಿದೆ. ಯಕ್ಷಗಾನದ ‘ಶರಸೇತು’ ಪ್ರಸಂಗದಲ್ಲಿ ತ್ರೇತಾಯುಗದ ಹನುಮಂತ ದ್ವಾಪರದ ಅರ್ಜುನನಿಗೆ ಎದುರಾಗುತ್ತಾನೆ. ಬಿಲ್ಲುಗಾರನಾದ ರಾಮ ಬಾಣಗಳಿಂದಲೇ ಸೇತುವೆ ಕಟ್ಟದೆ ಕಪಿಗಳಿಂದ ಕಲ್ಲು ಹೊರಿಸಿದ್ದೇಕೆ ಎಂಬುದು ಅರ್ಜುನನ ಪ್ರಶ್ನೆ. ಪಂಥ ಬೀಳುತ್ತದೆ, ಸೇತುವೆ ಮುರಿಯುತ್ತದೆ, ಕೊನೆಗೆ ಹನುಮಂತ ಪಾರ್ಥನ ಧ್ವಜವೇರುತ್ತಾನೆ. ಧ್ವಜದ ಕಪಿಗೆ ಮಹಾಭಾರತದ ವನಪರ್ವ ಬೇರೆಯೇ ಕಾರಣ ಹೇಳುತ್ತದೆ: ಅದು ಹನುಮಂತ ಭೀಮನಿಗೆ ಕೊಟ್ಟ ಮಾತು. ಎರಡೂ ಉತ್ತರಗಳು ಉಳಿದು ಬಂದಿವೆ. ತಾಳಮದ್ದಳೆಯಲ್ಲಿ ಅರ್ಜುನನ ಪ್ರಶ್ನೆಗೆ ಆ ಹೊತ್ತಿಗೆ ಉತ್ತರ ಕಟ್ಟುವ ಭಾರ ಹನುಮಂತನ ಪಾತ್ರಧಾರಿಯದು. ರಾಮನ ಔಚಿತ್ಯವೂ ಉಳಿಯಬೇಕು, ಅರ್ಜುನನ ಪ್ರಶ್ನೆಯ ಮೊನೆಯೂ ಮೊಂಡಾಗಬಾರದು. ಕೊಂಡಿ ಹಾಕುವ ಯಾವುದೇ ಓದನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಗಜಕಡ್ಡಿ ಸಿಗುವುದು ಕಷ್ಟ. ಕೃತಿಯೊಳಗೆ ಮೊದಲೇ ಇರುವ ಒಂದು ವಿವರ ಆ ಓದಿನಿಂದ ಬೆಳಗಬೇಕು, ಜೋಡಿಸಿದ ಎರಡೂ ಕಥೆಗಳು ತೂಕ ಕಳೆದುಕೊಳ್ಳಬಾರದು.

ಕನ್ನಡ ಚಿತ್ರರಂಗದಲ್ಲಿ ಬಂದೂಕು ಹಿಡಿದ ನಾಯಕ ಚಿತ್ರದಿಂದ ಚಿತ್ರಕ್ಕೆ ಮುಂದುವರಿದದ್ದು ದೊರೈ-ಭಗವಾನ್ ನಿರ್ದೇಶಿಸಿದ ರಾಜ್‌ಕುಮಾರ್ ಅವರ ಸಿ.ಐ.ಡಿ. 999 ಮಾಲಿಕೆಯಲ್ಲಿ. 1968ರ ‘ಜೇಡರ ಬಲೆ’ಯಿಂದ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ವರೆಗೆ ನಾಲ್ಕು ಚಿತ್ರಗಳು ಬಂದವು. ಪ್ರತಿ ಚಿತ್ರವೂ ಹೊಸ ಪ್ರಕರಣ. ಅಲ್ಲಿ ಕೊಂಡಿ ಹುಡುಕುವ ಅಗತ್ಯವೇ ಪ್ರೇಕ್ಷಕನಿಗೆ ಬೀಳಲಿಲ್ಲ.

ಆ ಅಗತ್ಯವನ್ನು ಹುಟ್ಟಿಸಿದ್ದು ಪ್ರಶಾಂತ್ ನೀಲ್ ಅವರ ‘ಕೆ.ಜಿ.ಎಫ್’. 2018ರ ಮೊದಲ ಅಧ್ಯಾಯದಲ್ಲಿ ನಾಯಕ ರಾಕಿಯ ಕಥೆಯನ್ನು ಪತ್ರಕರ್ತ ಆನಂದ್ ಇಂಗಳಗಿ (ಅನಂತ್ ನಾಗ್) ಹೇಳುತ್ತಾನೆ. 2022ರ ಎರಡನೆಯದರಲ್ಲಿ ಅವನ ಮಗ ವಿಜಯೇಂದ್ರ (ಪ್ರಕಾಶ್ ರಾಜ್) ಮುಂದುವರಿಸುತ್ತಾನೆ. ಕಲಾವಿದರು ಬದಲಾದದ್ದನ್ನು ಕಥೆಯೇ ಹೊಟ್ಟೆಗೆ ಹಾಕಿಕೊಂಡ ರೀತಿ ಇದು, ಬಹಳ ಜಾಣ ಹೆಜ್ಜೆ. ತೆರೆಯ ಮೇಲೆ ಕಾಣುವುದು ನಡೆದ ಘಟನೆಯೋ, ಇಂಗಳಗಿ ಬರೆದ ‘ಎಲ್ ಡೊರಾಡೊ’ ಪುಸ್ತಕದ ರಂಜನೆಯೋ ಎಂಬ ಸಂಶಯ ಚಿತ್ರದ ಉದ್ದಕ್ಕೂ ಜೀವಂತವಾಗಿರುತ್ತದೆ. ಚಿನ್ನದ ಜೊತೆ ರಾಕಿ ಕಡಲು ಸೇರಿದ ಮೇಲೆ ಮೂರನೆಯ ಅಧ್ಯಾಯದ ಕರಡೊಂದು ಸಿಗುತ್ತದೆ. ಮುಂದೇನಾಯಿತು ಎಂಬ ಊಹೆಗೆ ಹೀಗೆ ಕೃತಿಯೊಳಗೇ ಆಧಾರವಿದೆ. ಈ ನಿರೂಪಕರನ್ನು ಹಿಡಿದು ನಡೆದ ಓದು ನಿಜಕ್ಕೂ ವಿಮರ್ಶೆಯೇ.

ನೀಲ್ ಅವರ ಮುಂದಿನ ಚಿತ್ರ ‘ಸಲಾರ್’ ಬಗೆಗಿನ ಊಹೆಗಳು ಆ ದಾರಿ ಬಿಟ್ಟವು. ಅದರ ಟೀಸರ್ 2023ರ ಜುಲೈ 6ರಂದು ಬೆಳಗಿನ ಜಾವ 5.12ಕ್ಕೆ ಬಿಡುಗಡೆಯಾಯಿತು. ರಾಕಿಯ ಹಡಗಿನ ಮೇಲೆ ದಾಳಿಯಾಗುವ ಹೊತ್ತಿಗೂ ಇದಕ್ಕೂ ತಾಳೆ ಹಾಕಿ ಎರಡೂ ಒಂದೇ ಲೋಕವೆಂದು ಅಭಿಮಾನಿಗಳು ಸಾರಿದರು. ‘ಕೆ.ಜಿ.ಎಫ್’ನ ನರಾಚಿ ಗಣಿಯ ಹುಡುಗ ಫರ್ಮಾನನೇ ಬೆಳೆದು ಸಲಾರ್ ಆದನೆಂಬ ವಾದವೂ ಹುಟ್ಟಿತು. ಡಿಸೆಂಬರ್ 22ರಂದು ತೆರೆಕಂಡ ಚಿತ್ರದಲ್ಲಿ ನಾಯಕ ದೇವನ ಬಾಲ್ಯ ಖಾನ್ಸಾರ್ ಎಂಬ ಕಲ್ಪಿತ ರಾಜ್ಯದಲ್ಲಿ, ಗೆಳೆಯ ವರದನ ಜೊತೆ ಕಳೆಯುತ್ತದೆ. ಎರಡು ಕಥೆಗಳಿಗೆ ಸಂಬಂಧವಿಲ್ಲವೆಂದು ನಿರ್ದೇಶಕರೂ ಹೇಳಿದರು. ನಿರ್ದೇಶಕರ ಮಾತೇ ಕೊನೆಯ ಮಾತಾಗಬೇಕಿಲ್ಲ. ಆದರೆ ಗಡಿಯಾರದ ವಾದ ಸೋತದ್ದು ತನ್ನ ದೋಷದಿಂದಲೇ: ಪ್ರಚಾರದ ವೇಳಾಪಟ್ಟಿ ಕೃತಿಯ ಭಾಗವಲ್ಲ, ಆ ಹೊಂದಿಕೆಯಿಂದ ರಾಕಿಯ ಬಗ್ಗೆಯಾಗಲಿ ದೇವನ ಬಗ್ಗೆಯಾಗಲಿ ಹೊಸದೇನೂ ತಿಳಿಯುವುದಿಲ್ಲ.

ಎರಡೂ ಚಿತ್ರಗಳ ಕಲ್ಲಿದ್ದಲು ಬಣ್ಣ, ಎದೆ ಬಡಿಯುವ ಸದ್ದು ಒಂದೇ ಲೋಕದ ಭ್ರಮೆ ಹುಟ್ಟಿಸುವುದು ಸಹಜ. ಎರಡಕ್ಕೂ ಛಾಯಾಗ್ರಹಣ ಭುವನ್ ಗೌಡರದು, ಸಂಗೀತ ರವಿ ಬಸ್ರೂರು ಅವರದು, ಸಂಕಲನ (‘ಕೆ.ಜಿ.ಎಫ್’ನ ಎರಡನೆಯ ಅಧ್ಯಾಯದಲ್ಲಿ ಮತ್ತು ‘ಸಲಾರ್’ನಲ್ಲಿ) ಉಜ್ವಲ್ ಕುಲಕರ್ಣಿಯವರದು, ನಿರ್ಮಾಣ ಹೊಂಬಾಳೆ ಫಿಲಂಸ್‌ನದು. ಹೋಲಿಕೆ ಇರುವುದು ಕುಶಲಕರ್ಮಿಗಳ ಕೈಯಲ್ಲಿ. ‘ಸಲಾರ್’ನ ನಿಜವಾದ ರಕ್ತಸಂಬಂಧ ನೀಲ್ ಅವರ ಮೊದಲ ಚಿತ್ರ ‘ಉಗ್ರಂ’ (2014) ಜೊತೆಗೆ. ಗೆಳೆಯನಿಗಾಗಿ ಹಿಂಸೆಗಿಳಿಯುವ ನಾಯಕ, ಅವನನ್ನು ಹಿಂಸೆಯಿಂದ ದೂರವಿಡಲು ಹೆಣಗುವ ತಾಯಿ, ಅವರ ಮನೆಯಲ್ಲಿ ಆಶ್ರಯ ಪಡೆಯುವ ಹೆಣ್ಣು: ಇವೆಲ್ಲ ಶ್ರೀಮುರಳಿಯ ಅಗಸ್ತ್ಯನ ಕಥೆಯಲ್ಲಿ ಮೊದಲೇ ಇದ್ದವು. ಅದೇ ಕಥೆ ಸಣ್ಣ ಊರಿನಿಂದ ಒಂದು ರಾಜ್ಯದ ಗಾತ್ರಕ್ಕೆ ಹಿಗ್ಗಿದಾಗ ತಾಯಿಯ ಭಯ ಹೇಗೆ ಬದಲಾಯಿತು ಎಂಬುದನ್ನು ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಓದು ಇನ್ನೂ ಬರಬೇಕಾಗಿದೆ.